ವಿಡಿಯೊ ಕಂಪ್ರೆಶನ್ ಪಠ್ಯಪುಸ್ತಕ ಆರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನಿಯರಿಂಗ್ ಓದುತ್ತಿರುವವರು, ಕೋಡೆಕ್ (ವಿಡಿಯೊವನ್ನು ಕುಗ್ಗಿಸಿ, ಮತ್ತೆ ಬಿಚ್ಚುವ ವ್ಯವಸ್ಥೆ) ತಂಡಕ್ಕೆ ಹೊಸದಾಗಿ ಸೇರಿದವರು, ಕಾಲೇಜಿನಲ್ಲಿ ಪಾಠ ಮಾಡುವವರು ಕೇಳಿದ ಪ್ರಶ್ನೆಗಳು ಇವು. ಹೆಚ್ಚಿನವು ಮಾತಿನ ನಡುವೆ ಬಂದವು, ಕೆಲವು ಪತ್ರದಲ್ಲಿ ಬಂದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಈ ವಿಷಯದ ಪುಸ್ತಕಗಳಿಗೆ ಬೆಲೆ ಜಾಸ್ತಿ. ತಪ್ಪು ಪುಸ್ತಕ ಹಿಡಿದು, ಅರ್ಥವಾಗದೆ, ವಿಷಯವೇ ತಮಗಲ್ಲ ಎಂದು ಕೈಬಿಟ್ಟವರನ್ನು ನೋಡಿದ್ದೇನೆ. ಹಾಗಾಗಬಾರದು ಎಂದೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

## ಶುರು ಮಾಡುವವರಿಗೆ

ನನಗೆ ಗಣಿತ ಅಷ್ಟಕ್ಕಷ್ಟೇ. ಇಂಥ ಪುಸ್ತಕ ನನ್ನ ತಲೆಗೆ ಹೋಗುತ್ತಾ?

ಹೋಗುತ್ತದೆ. ಮ್ಯಾಟ್ರಿಕ್ಸ್ ಗುಣಾಕಾರ, ಲಾಗರಿದಮ್, ಸ್ವಲ್ಪ ಸಂಭವನೀಯತೆ ಗೊತ್ತಿದ್ದರೆ ಮೊದಲ ಓದಿಗೆ ಸಾಕು. ಪಿಯುಸಿ ಗಣಿತ ಪೂರ್ತಿ ಮರೆತಿಲ್ಲ ಅಂದ್ರೆ ಧೈರ್ಯವಾಗಿ ಶುರು ಮಾಡಿ.

ಆದರೆ ಗಣಿತದ ಹೆದರಿಕೆಗೆ ಗಣಿತವೇ ಇಲ್ಲದ ಪುಸ್ತಕ ಹುಡುಕಬೇಡಿ. ಬರೀ ಬ್ಲಾಕ್ ಚಿತ್ರ, ಬಾಣದ ಗುರುತು ತುಂಬಿರುವ ಪುಸ್ತಕ ಓದುವಾಗ ಸಲೀಸು ಅನ್ನಿಸುತ್ತದೆ. ಮುಗಿಸಿದ ಮೇಲೆ ಒಂದು ಸಣ್ಣ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ.

ಮೊದಲ ಅಧ್ಯಾಯದಲ್ಲಿ ಇಂಥ ಒಂದು ಲೆಕ್ಕ ಇದೆಯಾ ನೋಡಿ. 1920 × 1080 ಅಳತೆಯ ಫ್ರೇಮಿನಲ್ಲಿ 20,73,600 ಪಿಕ್ಸೆಲ್. ಬಣ್ಣದ ಮಾಹಿತಿಯನ್ನು 4:2:0 ರೀತಿಯಲ್ಲಿ, ಅಂದರೆ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ ಬರುವಂತೆ, ಇಳಿಸಿದರೆ ಪಿಕ್ಸೆಲ್‌ಗೆ ಸರಾಸರಿ ಒಂದೂವರೆ ಬೈಟ್. ಸೆಕೆಂಡಿಗೆ 25 ಫ್ರೇಮ್ ಅಂದರೆ ಸುಮಾರು 622 ಮೆಗಾಬಿಟ್. ನಾವು ಇಂಟರ್‌ನೆಟ್‌ನಲ್ಲಿ ನೋಡುವ ಅದೇ ಅಳತೆಯ ವಿಡಿಯೊ ಐದಾರು ಮೆಗಾಬಿಟ್‌ನಲ್ಲಿ ಬರುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ಎತ್ತಿ, ಪುಸ್ತಕದುದ್ದಕ್ಕೂ ಅದಕ್ಕೆ ಉತ್ತರ ಕೊಡುತ್ತಾ ಹೋಗುವ ಲೇಖಕರನ್ನು ನಂಬಬಹುದು.

ಎಲ್ಲ ಪುಸ್ತಕದ ಪರಿವಿಡಿನೂ ಒಂದೇ ಥರ ಕಾಣುತ್ತೆ. ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ?

ಹೊರಗಿನಿಂದ ಒಂದೇ ಥರ, ಒಳಗೆ ಮೂರು ಜಾತಿ.

ಮೊದಲನೆಯದು ತತ್ವ ಹೇಳುವ ಪುಸ್ತಕ. ಎಂಟ್ರಪಿ, ಹಫ್‌ಮನ್, ಅರಿತ್‌ಮೆಟಿಕ್ ಕೋಡಿಂಗ್, ಕ್ವಾಂಟೈಸೇಶನ್ (ಅಂಕಿಗಳನ್ನು ಭಾಗಿಸಿ ಒರಟಾಗಿಸುವುದು), ಟ್ರಾನ್ಸ್‌ಫಾರ್ಮ್ (ಪಿಕ್ಸೆಲ್ ಅಂಕಿಗಳನ್ನು ಬೇರೆ ರೂಪಕ್ಕೆ ಬದಲಿಸುವುದು), ಎಲ್ಲವನ್ನೂ ಬುಡದಿಂದ ಕಟ್ಟುತ್ತದೆ. ಖಾಲಿದ್ ಸಯೂದ್ ಅವರ ‘ಇಂಟ್ರೊಡಕ್ಷನ್ ಟು ಡೇಟಾ ಕಂಪ್ರೆಶನ್’ ಈ ಜಾತಿಯದು. 1996ರಲ್ಲಿ ಮೊದಲು ಬಂದದ್ದು, ಮತ್ತೆ ಮತ್ತೆ ಪರಿಷ್ಕರಣೆಯಾಗಿದೆ. ಅದರಲ್ಲಿ ವಿಡಿಯೊಗೆ ಸಿಗುವ ಜಾಗ ಕಡಿಮೆ, ಬುನಾದಿ ಮಾತ್ರ ಗಟ್ಟಿ.

ಎರಡನೆಯದು ಒಂದು ಸ್ಟ್ಯಾಂಡರ್ಡ್ (ಕುಗ್ಗಿಸಿದ ವಿಡಿಯೊ ಹೇಗಿರಬೇಕು ಎಂಬ ಒಪ್ಪಿತ ನಿಯಮಗಳ ದಾಖಲೆ) ಹಿಡಿದು ವಿವರಿಸುವ ಪುಸ್ತಕ. ಎಚ್.264 ಎಂಬ ಸ್ಟ್ಯಾಂಡರ್ಡ್ ಬಗ್ಗೆ ಇಯಾನ್ ರಿಚರ್ಡ್‌ಸನ್ ಬರೆದದ್ದನ್ನು ಓದಿಯೇ ಬಹಳ ಜನ ಈ ಕ್ಷೇತ್ರಕ್ಕೆ ಬಂದರು.

ಮೂರನೆಯದು ಸಂಪಾದಿತ ಪುಸ್ತಕ, ಅಧ್ಯಾಯಕ್ಕೊಬ್ಬರು ಲೇಖಕರು. ವಿವಿಯನ್ ಝೆ, ಮಧುಕರ್ ಬುಡಗವಿ, ಗ್ಯಾರಿ ಸುಲಿವನ್ ಸೇರಿ 2014ರಲ್ಲಿ ತಂದ, ಎಚ್.264ರ ನಂತರದ ಸ್ಟ್ಯಾಂಡರ್ಡ್ ಆದ ಎಚ್‌ಇವಿಸಿ (ಎಚ್.265) ಪುಸ್ತಕ ಇದರ ಒಳ್ಳೆಯ ಮಾದರಿ. ಸ್ಟ್ಯಾಂಡರ್ಡ್ ಕಟ್ಟಿದವರೇ ಬರೆದಿರುವುದರಿಂದ ತೀರ್ಮಾನಗಳ ಹಿಂದಿನ ಕಾರಣ ಸಿಗುತ್ತದೆ. ಅದರ ಜೊತೆಗೆ ಓದುವವನಿಗೆ ಇಷ್ಟೆಲ್ಲ ಗೊತ್ತಿದೆ ಎಂಬ ನಂಬಿಕೆಯೂ ಅಲ್ಲಿದೆ. ಮೊದಲ ಪುಸ್ತಕವಾಗಿ ಅದನ್ನು ಹಿಡಿದರೆ ಕಷ್ಟ.

ನಿಮಗೆ ಯಾವ ಜಾತಿ ಬೇಕು ಎಂದು ಮೊದಲು ತೀರ್ಮಾನಿಸಿ. ಪುಸ್ತಕ ಚೆನ್ನಾಗಿಲ್ಲ ಎಂಬ ದೂರುಗಳಲ್ಲಿ ಅರ್ಧದಷ್ಟು, ಜಾತಿ ತಪ್ಪಿ ಕೊಂಡದ್ದರಿಂದ ಬಂದವು.

ಪುಸ್ತಕದಂಗಡಿಯಲ್ಲಿ ಹತ್ತು ನಿಮಿಷ ಸಿಗುತ್ತೆ. ಏನು ನೋಡಲಿ?

ಮುನ್ನುಡಿ ಬಿಡಿ. ನೇರ ಕ್ವಾಂಟೈಸೇಶನ್ ಪುಟಕ್ಕೆ ಹೋಗಿ. ಒಂದು ಬ್ಲಾಕಿನ ಅಂಕಿಗಳನ್ನು ತೆಗೆದುಕೊಂಡು, ಟ್ರಾನ್ಸ್‌ಫಾರ್ಮ್ ಮಾಡಿ, ಭಾಗಿಸಿ, ಮತ್ತೆ ಗುಣಿಸಿ, ಕೊನೆಗೆ ವಾಪಸ್ ಬಂದ ಅಂಕಿಗಳನ್ನು ಮೂಲದ ಪಕ್ಕದಲ್ಲಿಟ್ಟು ತೋರಿಸಿದ್ದಾರಾ? ಈ ಸುತ್ತು ಪೂರ್ತಿ ಇದ್ದರೆ ಅರ್ಧ ಪರೀಕ್ಷೆ ಪಾಸು.

ಆಮೇಲೆ ಸೂಚಿಯಲ್ಲಿ ‘ರೇಟ್ ಕಂಟ್ರೋಲ್’ (ಎಷ್ಟು ಬಿಟ್ ಖರ್ಚು ಮಾಡಬೇಕೆಂದು ನಿಯಂತ್ರಿಸುವುದು) ಹುಡುಕಿ. ಒಂದೇ ಪುಟಕ್ಕೆ ಮುಗಿದಿದ್ದರೆ ಅದು ಡಿಕೋಡರ್ (ಬಿಚ್ಚುವ ಭಾಗ) ಓದುವವರ ಪುಸ್ತಕ, ಎನ್‌ಕೋಡರ್ (ಕುಗ್ಗಿಸುವ ಭಾಗ) ಬರೆಯುವವರದ್ದಲ್ಲ.

ಎಚ್.264 ಪುಸ್ತಕವಾದರೆ 1088 ಎಂಬ ಸಂಖ್ಯೆ ಎಲ್ಲಾದರೂ ಇದೆಯಾ ನೋಡಿ. 1080 ಅನ್ನು 16ರಿಂದ ಭಾಗಿಸಿದರೆ 67.5 ಬರುತ್ತದೆ. ಎಚ್.264 ಫ್ರೇಮನ್ನು 16×16ರ ಮ್ಯಾಕ್ರೋಬ್ಲಾಕ್‌ಗಳಾಗಿ ಒಡೆಯುತ್ತದೆ, ಅರ್ಧ ಮ್ಯಾಕ್ರೋಬ್ಲಾಕ್ ಎಂಬುದಿಲ್ಲ. ಹಾಗಾಗಿ 1088 ಸಾಲು ಕೋಡ್ ಮಾಡಿ, ಕೊನೆಯ 8 ಸಾಲು ಕತ್ತರಿಸಿ ತೋರಿಸು ಎಂದು ಬಿಟ್‌ಸ್ಟ್ರೀಮ್‌ನಲ್ಲೇ ಬರೆದಿರುತ್ತಾರೆ. ಸಣ್ಣ ವಿಷಯ ನಿಜ. ಆದರೆ ನಿಜವಾದ ಡಿಕೋಡರ್ ಜೊತೆ ಗುದ್ದಾಡಿದ ಲೇಖಕರು ಇದನ್ನು ಹೇಳದೆ ಬಿಡುವುದು ಅಪರೂಪ.

ಅವೆನ್ಯೂ ರೋಡಲ್ಲಿ 2003ರ ಎಚ್.264 ಪುಸ್ತಕ ಕಡಿಮೆ ಬೆಲೆಗೆ ಸಿಗ್ತಿದೆ. ತಗೊಳ್ಳಲಾ?

ತಗೊಳ್ಳಿ, ಆದರೆ ಏನಿಲ್ಲ ಅನ್ನುವುದು ಗೊತ್ತಿದ್ದು ತಗೊಳ್ಳಿ.

ಎಚ್.264 ಮೊದಲ ಆವೃತ್ತಿ ಮುಗಿದದ್ದು 2003ರ ಮೇ ತಿಂಗಳಲ್ಲಿ. ಹೈ ಪ್ರೊಫೈಲ್ (ಸ್ಟ್ಯಾಂಡರ್ಡಿನೊಳಗಿನ, ಹೆಚ್ಚು ಸೌಲಭ್ಯಗಳ ಒಂದು ಗುಂಪು) ಮತ್ತು 8×8 ಟ್ರಾನ್ಸ್‌ಫಾರ್ಮ್ ಸೇರಿದ್ದು ಅದಾದ ಮೇಲೆ, 2004-05ರ ಹೊತ್ತಿಗೆ. ಇವತ್ತು ಬ್ಲೂ-ರೇ, ಎಚ್‌ಡಿ ಪ್ರಸಾರ, ಇಂಟರ್‌ನೆಟ್ ವಿಡಿಯೊದಲ್ಲಿ ಕಾಣುವ ಎಚ್.264ರಲ್ಲಿ ಬಹುಪಾಲು ಹೈ ಪ್ರೊಫೈಲ್. ಅಂದರೆ 2003ರ ಪುಸ್ತಕ ಓದಿ ಇವತ್ತಿನ ಒಂದು ಫೈಲ್ ಬಿಚ್ಚಿ ನೋಡಿದರೆ, ಪುಸ್ತಕದಲ್ಲಿಲ್ಲದ ಒಂದು ಬಿಟ್ ನಿಮಗೆ ಮ್ಯಾಕ್ರೋಬ್ಲಾಕ್ ಹಂತದಲ್ಲೇ ಎದುರಾಗುತ್ತದೆ.

ರಿಚರ್ಡ್‌ಸನ್ ಪುಸ್ತಕದ ಎರಡನೇ ಆವೃತ್ತಿ 2010ರಲ್ಲಿ ಬಂತು. ಎರಡೂ ಸಿಕ್ಕರೆ ಹೊಸದನ್ನೇ ತಗೊಳ್ಳಿ. ಅದಕ್ಕಿಂತ ಹಳೆಯ, ಎಂಪೆಗ್-2 ಕಾಲದ ಪುಸ್ತಕಗಳನ್ನೂ ತಳ್ಳಿಹಾಕಬೇಡಿ. ಬಫರ್ ಲೆಕ್ಕ, ಇಂಟರ್‌ಲೇಸ್ ವಿಡಿಯೊ ಇಂಥವನ್ನು ಅವರಷ್ಟು ನಿಧಾನವಾಗಿ ಹೇಳುವವರು ಈಗ ಕಡಿಮೆ.

ವಿಡಿಯೊ ಪಾಠಗಳು ಉಚಿತವಾಗಿ ಇರುವಾಗ ಪುಸ್ತಕಕ್ಕೆ ದುಡ್ಡು ಯಾಕೆ?

ಮೊದಲ ಪರಿಚಯಕ್ಕೆ ಪಾಠಗಳೇ ಸಾಕು. ಎನ್‌ಪಿಟಿಇಎಲ್‌ನಂಥ ಕಡೆ ಒಳ್ಳೆಯ ಪಾಠಗಳಿವೆ. ಪುಸ್ತಕ ಬೇಕಾಗುವುದು ಒಂದೇ ಪುಟವನ್ನು ಮತ್ತೆ ಮತ್ತೆ ತಿರುವಬೇಕಾದಾಗ, ಕೋಷ್ಟಕ ಪಕ್ಕದಲ್ಲಿಟ್ಟು ಕೋಡ್ ಬರೆಯುವಾಗ. ಆ ಹಂತ ಬರುವವರೆಗೆ ದುಡ್ಡು ಉಳಿಸಿ. ಕಾಲೇಜು ಗ್ರಂಥಾಲಯದ ಪ್ರತಿ ಇದ್ದರೆ ಇನ್ನೂ ಒಳ್ಳೆಯದು.

## ಒಂದಷ್ಟು ಓದಿದವರಿಗೆ

ಡಿಸಿಟಿ ಅಧ್ಯಾಯ ಎಲ್ಲ ಪುಸ್ತಕದಲ್ಲೂ ಇದೆ. ಒಳ್ಳೆಯದು ಯಾವುದು ಅಂತ ಹೇಗೆ ಹೇಳೋದು?

ಈ ಅಧ್ಯಾಯದ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಪ್ರೀತಿ. ಡಿಸಿಟಿ (ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್) ಕಂಡುಹಿಡಿದ ನಾಸಿರ್ ಅಹ್ಮದ್ ಬೆಂಗಳೂರಿನವರು. ಇಲ್ಲಿನ ಯುವಿಸಿಇ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವರು. 1972ರಲ್ಲಿ ಈ ಸಂಶೋಧನೆಗೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನಿಂದ ಹಣ ಕೇಳಿದರು, ಸಿಗಲಿಲ್ಲ. ಆದರೂ ಬಿಡದೆ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಫೋಟೊಗಳ ಜೆಪೆಗ್‌ನಿಂದ ಎಚ್‌ಇವಿಸಿ ನಂತರದ ವಿವಿಸಿ (ಎಚ್.266) ವರೆಗೆ ಎಲ್ಲದರ ಒಳಗೂ ಅದರ ಯಾವುದಾದರೂ ರೂಪ ಕೂತಿದೆ. ಬೆಂಗಳೂರಿನಲ್ಲಿ ಈ ವಿಷಯ ಓದುವ ಹುಡುಗರಿಗೆ ಈ ಮಾತು ಯಾರೂ ಹೇಳುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಅಧ್ಯಾಯದ ವಿಷಯಕ್ಕೆ ಬರೋಣ. ಸೂತ್ರ ಎಲ್ಲರೂ ಕೊಡುತ್ತಾರೆ. ಫೂರಿಯರ್ ಇದ್ದಾಗ ಇದು ಯಾಕೆ ಬೇಕಾಯಿತು ಎಂದು ಹೇಳಿದ್ದಾರಾ ನೋಡಿ. ಫೂರಿಯರ್ ಟ್ರಾನ್ಸ್‌ಫಾರ್ಮ್ ಬ್ಲಾಕನ್ನು ಹಾಗೇ ಮತ್ತೆ ಮತ್ತೆ ಜೋಡಿಸಿದಂತೆ ನೋಡುತ್ತದೆ. ಅಂಚಿನಲ್ಲಿ ಥಟ್ಟನೆ ಜಿಗಿತ ಬರುತ್ತದೆ, ಆ ಜಿಗಿತಕ್ಕೆ ಬಿಟ್ ಖರ್ಚಾಗುತ್ತದೆ. ಡಿಸಿಟಿ ಬ್ಲಾಕನ್ನು ಕನ್ನಡಿಯಲ್ಲಿ ಕಂಡಂತೆ ಮಡಚಿ ಜೋಡಿಸುತ್ತದೆ, ಜಿಗಿತ ಇರುವುದಿಲ್ಲ. ಪಕ್ಕಪಕ್ಕದ ಪಿಕ್ಸೆಲ್‌ಗಳು ಹೆಚ್ಚು ಹೋಲುವಾಗ ಅದು ಅತ್ಯುತ್ತಮ ಟ್ರಾನ್ಸ್‌ಫಾರ್ಮ್ ಆದ ಕಾರ್ಹುನೆನ್-ಲೋಯೆವ್‌ಗೆ ತೀರಾ ಹತ್ತಿರ ಬರುತ್ತದೆ. ಈ ಎರಡು ಮಾತು ಇಲ್ಲದ ಡಿಸಿಟಿ ಅಧ್ಯಾಯ ಅರೆಬರೆ.

ಇನ್ನೊಂದು ಪರೀಕ್ಷೆ ಪೆನ್ನು ಹಿಡಿದು ಮಾಡುವಂಥದ್ದು. ಎಚ್.264ರ 4×4 ಪೂರ್ಣಾಂಕ ಟ್ರಾನ್ಸ್‌ಫಾರ್ಮ್ ಸಾಲುಗಳು ಇವು: 1, 1, 1, 1, ನಂತರ 2, 1, −1, −2, ನಂತರ 1, −1, −1, 1, ಕೊನೆಗೆ 1, −2, 2, −1. ಒಂದು ಸಾಲಿನ ನಾಲ್ಕು ಪಿಕ್ಸೆಲ್ 12, 10, 7, 3 ಎಂದಿಟ್ಟುಕೊಳ್ಳಿ. ಗುಣಿಸಿ ಕೂಡಿದರೆ 32, 21, −2, 3 ಬರುತ್ತದೆ. ಎರಡನೆಯ ಅಂಕಿ 21 ಇಷ್ಟು ದೊಡ್ಡದಾ? ಅಲ್ಲ. ಈ ಸಾಲುಗಳ ಉದ್ದ ಒಂದೇ ಅಲ್ಲ. ಮೊದಲ ಮತ್ತು ಮೂರನೇ ಸಾಲಿನ ವರ್ಗಗಳ ಮೊತ್ತ 4, ಎರಡು ಮತ್ತು ನಾಲ್ಕನೆಯದು 10. ಹಾಗಾಗಿ ನಿಜವಾದ ಶಕ್ತಿ (ಅಂಕಿಯ ವರ್ಗವನ್ನು ಆ ಸಾಲಿನ ಮೊತ್ತದಿಂದ ಭಾಗಿಸಿದ್ದು) ಲೆಕ್ಕ ಹೀಗೆ: 1024 ಭಾಗಿಸು 4, 441 ಭಾಗಿಸು 10, 4 ಭಾಗಿಸು 4, 9 ಭಾಗಿಸು 10. ಅಂದರೆ 256, 44.1, 1, 0.9. ಕೂಡಿದರೆ 302. ಮೂಲ ಪಿಕ್ಸೆಲ್‌ಗಳ ವರ್ಗ 144, 100, 49, 9 ಕೂಡಿದರೂ 302.

ಶಕ್ತಿ ಒಂದಿಷ್ಟೂ ಕಳೆದಿಲ್ಲ, ಆದರೆ ಶೇ. 99ಕ್ಕೂ ಹೆಚ್ಚು ಮೊದಲ ಎರಡು ಅಂಕಿಗಳಿಗೆ ಬಂದು ಸೇರಿದೆ. ಮತ್ತೆ ಆ 4 ಮತ್ತು 10ರ ಹೊಂದಾಣಿಕೆ ಟ್ರಾನ್ಸ್‌ಫಾರ್ಮ್‌ನಲ್ಲಿ ಆಗುವುದಿಲ್ಲ, ಕ್ವಾಂಟೈಸರ್‌ ಒಳಗೆ ಸೇರಿಸಿದ್ದಾರೆ. ಎಚ್.264ರ ಕ್ವಾಂಟೈಸೇಶನ್ ಕೋಷ್ಟಕದಲ್ಲಿ ಬ್ಲಾಕಿನ ಜಾಗಕ್ಕೆ ತಕ್ಕಂತೆ ಮೂರು ಬಗೆ ಅಂಕಿ ಇರುವುದು ಅದಕ್ಕೇ. ಇದನ್ನು ಹೇಳದೆ ಆ ಕೋಷ್ಟಕವನ್ನು ಸುಮ್ನೆ ಅಚ್ಚು ಹಾಕಿರುವ ಪುಸ್ತಕ ಓದಿದವರು ಅದನ್ನು ಬಾಯಿಪಾಠ ಮಾಡಬೇಕಾಗುತ್ತದೆ.

ಬಣ್ಣದ ಅಧ್ಯಾಯ ಹಾರಿಸಿ ಮುಂದೆ ಹೋಗಬಹುದಾ?

ಬೇಡ. ಕೆಲಸದಲ್ಲಿ ಎದುರಾಗುವ ದೂರುಗಳಲ್ಲಿ ‘ಬಣ್ಣ ಯಾಕೋ ಬೇರೆ ಕಾಣ್ತಿದೆ’ ಅನ್ನುವುದು ಬಹಳ. ಅದರ ಮೂಲ ಈ ಅಧ್ಯಾಯದಲ್ಲಿದೆ.

ಪ್ರಕಾಶದ ಅಂಶವನ್ನು ಲೆಕ್ಕ ಹಾಕಲು, ಹಳೆಯ ಎಸ್‌ಡಿ ವಿಡಿಯೊದ ಬಣ್ಣದ ನಿಯಮವಾದ ಬಿಟಿ.601ರಲ್ಲಿ ಕೆಂಪು, ಹಸಿರು, ನೀಲಿಗೆ 0.299, 0.587, 0.114 ತೂಕ. ಎಚ್‌ಡಿಗೆ ಬಳಸುವ ಬಿಟಿ.709ರಲ್ಲಿ 0.2126, 0.7152, 0.0722. ಹಸಿರಿನ ತೂಕದಲ್ಲೇ ಎಷ್ಟು ಅಂತರ ನೋಡಿ. ಒಂದರಲ್ಲಿ ಕಟ್ಟಿ ಇನ್ನೊಂದರಲ್ಲಿ ಬಿಚ್ಚಿದರೆ ಮೈಬಣ್ಣ, ಹುಲ್ಲಿನ ಬಣ್ಣ ಎರಡೂ ಕೆಡುತ್ತವೆ. ಮೊದಲನೆಯದನ್ನು ಮಾತ್ರ ಕೊಟ್ಟು ಎಲ್ಲ ವಿಡಿಯೊಗೂ ಇದೇ ಎಂಬಂತೆ ಮುಂದೆ ಹೋಗುವ ಪುಸ್ತಕಗಳು ಈಗಲೂ ಇವೆ. 8 ಬಿಟ್ ವಿಡಿಯೊದಲ್ಲಿ ಪ್ರಕಾಶ ಸಾಮಾನ್ಯವಾಗಿ 16ರಿಂದ 235ರವರೆಗೆ ಮಾತ್ರ ಓಡಾಡುತ್ತದೆ ಎಂಬುದನ್ನೂ ಹೇಳಿರಬೇಕು.

ಒಂದು ಪುಸ್ತಕ ಬಿ-ಫ್ರೇಮ್ ರೆಫರೆನ್ಸ್ ಆಗಲ್ಲ ಅನ್ನುತ್ತೆ, ಇನ್ನೊಂದು ಆಗುತ್ತೆ ಅನ್ನುತ್ತೆ. ಯಾರು ಸರಿ?

ಇಬ್ಬರೂ ಸರಿ, ಕಾಲ ಬೇರೆ. ಬಿ-ಫ್ರೇಮ್ ಅಂದರೆ ಎರಡು ಫ್ರೇಮ್ ನೋಡಿ ಊಹಿಸಬಲ್ಲ ಫ್ರೇಮ್, ರೆಫರೆನ್ಸ್ ಅಂದರೆ ಊಹೆಗೆ ಆಧಾರವಾಗುವ ಫ್ರೇಮ್. ಎಂಪೆಗ್-2ರಲ್ಲಿ ಬಿ-ಫ್ರೇಮನ್ನು ನೋಡಿ ಬೇರೆ ಫ್ರೇಮ್ ಊಹಿಸುವಂತಿಲ್ಲ. ಎಚ್.264 ಆ ನಿಯಮ ತೆಗೆಯಿತು. ಬಿ ಅಂದರೆ ಒಂದು ಹಿಂದಿನದು, ಒಂದು ಮುಂದಿನದು ಎಂಬುದೂ ಅಲ್ಲಿಗೆ ಹೋಯಿತು, ಎರಡೂ ಹಿಂದಿನವೇ ಆಗಿರಬಹುದು. ರೆಫರೆನ್ಸ್ ಫ್ರೇಮ್ 16ರವರೆಗೆ ಇಟ್ಟುಕೊಳ್ಳಬಹುದು. ಐ (ಬೇರೆ ಫ್ರೇಮ್ ನೋಡದ್ದು), ಪಿ (ಒಂದನ್ನು ನೋಡಿ ಊಹಿಸುವುದು), ಬಿ ಎಂಬ ಗುರುತು ಅಲ್ಲಿ ಇಡೀ ಫ್ರೇಮಿಗಲ್ಲ, ಅದರ ತುಂಡಾದ ಸ್ಲೈಸ್‌ಗೆ.

ಪುಸ್ತಕ ಎಚ್‌ಇವಿಸಿ ಹೆಸರು ಹೊತ್ತಿದ್ದೂ ಈ ಭಾಗದಲ್ಲಿ ಹಳೆಯ ನಿಯಮವನ್ನೇ ಹೇಳುತ್ತಿದ್ದರೆ, ಹಳೆ ಅಧ್ಯಾಯವನ್ನು ಹಾಗೇ ಎತ್ತಿ ಇಟ್ಟಿದ್ದಾರೆ ಎಂದು ಅರ್ಥ. ಹೊಸ ಆವೃತ್ತಿ ನಿಜವಾಗಿ ಹೊಸದಾ ಎಂದು ಪರೀಕ್ಷಿಸಲು ನಾನು ಮೊದಲು ತೆರೆಯುವುದು ಇದೇ ಪುಟ.

ಎನ್‌ಕೋಡರ್ ಬರೆಯೋದು ಕಲಿಸೋ ಪುಸ್ತಕ ಯಾಕೆ ಸಿಗಲ್ಲ?

ಸ್ಟ್ಯಾಂಡರ್ಡ್‌ಗಳು ಬಿಟ್‌ಸ್ಟ್ರೀಮ್ ಹೇಗಿರಬೇಕು, ಡಿಕೋಡರ್ ಅದನ್ನು ಹೇಗೆ ಬಿಚ್ಚಬೇಕು ಎಂದಷ್ಟೇ ಹೇಳುತ್ತವೆ. ಎನ್‌ಕೋಡರ್ ಹೇಗೆ ತೀರ್ಮಾನ ತಗೊಳ್ಳಬೇಕು ಎನ್ನುವುದನ್ನು ಬೇಕೆಂದೇ ಬಿಟ್ಟಿದ್ದಾರೆ. ಪೈಪೋಟಿಯೆಲ್ಲ ಅಲ್ಲೇ ನಡೆಯುತ್ತದೆ. ಈ ಮಾತನ್ನು ಮೊದಲ ಐವತ್ತು ಪುಟದೊಳಗೆ ಸ್ಪಷ್ಟವಾಗಿ ಹೇಳದ ಪುಸ್ತಕ ಓದುವವರನ್ನು ದಾರಿ ತಪ್ಪಿಸುತ್ತದೆ.

ಎನ್‌ಕೋಡರ್ ದೃಷ್ಟಿಯಿಂದ ಪುಸ್ತಕ ಅಳೆಯಬೇಕಾದರೆ ಖರ್ಚಿನ ಲೆಕ್ಕ ಹುಡುಕಿ. 16×16 ಬ್ಲಾಕಿಗೆ ಹೋಲುವ ಜಾಗವನ್ನು ರೆಫರೆನ್ಸ್ ಫ್ರೇಮಿನಲ್ಲಿ ಎಲ್ಲ ದಿಕ್ಕಿನಲ್ಲೂ 16 ಪಿಕ್ಸೆಲ್ ದೂರದವರೆಗೆ ಪೂರ್ತಿ ಹುಡುಕಾಟ ಮಾಡಿದರೆ 33 × 33, ಅಂದರೆ 1,089 ಜಾಗ. ಒಂದೊಂದು ಜಾಗಕ್ಕೆ 256 ವ್ಯತ್ಯಾಸ. 1080 ಸಾಲಿನ ಫ್ರೇಮಿನಲ್ಲಿ 8,160 ಮ್ಯಾಕ್ರೋಬ್ಲಾಕ್, ಸೆಕೆಂಡಿಗೆ 25 ಫ್ರೇಮ್. ಸೆಕೆಂಡಿಗೆ ಸುಮಾರು 5,700 ಕೋಟಿ ವ್ಯತ್ಯಾಸ, ಅದೂ ಒಂದೇ ರೆಫರೆನ್ಸ್ ಫ್ರೇಮಿಗೆ! ವೇಗದ ಹುಡುಕಾಟದ ವಿಧಾನಗಳು ಯಾಕೆ ಬೇಕಾದವು ಎನ್ನುವುದು ಈ ಅಂಕಿ ಕಂಡಾಗಲೇ ಮನಸ್ಸಿಗೆ ಇಳಿಯುವುದು.

ಇನ್ನೊಂದು, ರೇಟ್-ಡಿಸ್ಟಾರ್ಶನ್ (ಬಿಟ್ ಖರ್ಚು ಮತ್ತು ಚಿತ್ರ ಕೆಡುವುದರ ನಡುವಿನ ತೂಗಾಟ) ಭಾಗ. ಕೆಟ್ಟ ಗುಣಮಟ್ಟದ ವೆಚ್ಚಕ್ಕೆ, ಲ್ಯಾಂಬ್ಡಾ ಎಂಬ ತೂಕದಿಂದ ಗುಣಿಸಿದ ಬಿಟ್ ವೆಚ್ಚವನ್ನು ಕೂಡಿ, ಒಟ್ಟು ಕಡಿಮೆ ಬರುವುದನ್ನು ಆರಿಸುವುದು. ಎಚ್.264ರಲ್ಲಿ ಕ್ಯೂಪಿ (ಕ್ವಾಂಟೈಸೇಶನ್ ಎಷ್ಟು ಒರಟು ಎಂದು ಹೇಳುವ ಸಂಖ್ಯೆ) 6 ಹೆಚ್ಚಾದರೆ ಕ್ವಾಂಟೈಸರ್ ಹೆಜ್ಜೆ ಎರಡರಷ್ಟಾಗುತ್ತದೆ. ಡಿಸ್ಟಾರ್ಶನ್ ಹೆಜ್ಜೆಯ ವರ್ಗದ ಜೊತೆ ಬೆಳೆಯುವುದರಿಂದ ಲ್ಯಾಂಬ್ಡಾ ನಾಲ್ಕರಷ್ಟಾಗುತ್ತದೆ. ಪುಸ್ತಕ ಈ ಎರಡನ್ನು ಜೋಡಿಸಿ ತೋರಿಸಿದೆಯಾ? ಸೂತ್ರದ ಮುಂದಿರುವ 0.85 ಎಂಬ ಅಂಕಿ ಪ್ರಯೋಗದಿಂದ ಬಂದದ್ದು ಎಂದು ಒಪ್ಪಿಕೊಂಡಿದೆಯಾ? ಎರಡಕ್ಕೂ ಹೌದು ಎಂದಾದರೆ ಕಣ್ಣು ಮುಚ್ಚಿ ಕೊಳ್ಳಿ.

ಪುಸ್ತಕದಲ್ಲಿ ‘ಶೇ. 50 ಉಳಿತಾಯ’ ಅಂತ ಗ್ರಾಫ್ ಹಾಕಿರ್ತಾರೆ. ನಂಬಬಹುದಾ?

ಹೇಗೆ ಅಳೆದರು ಎಂದು ಬರೆದಿದ್ದರೆ ನಂಬಿ. ಎಚ್‌ಇವಿಸಿಯನ್ನೇ ನೋಡಿ. ಸ್ಟ್ಯಾಂಡರ್ಡ್ ತಂಡದವರೇ 2012ರಲ್ಲಿ ಮಾಡಿದ ಹೋಲಿಕೆಯಲ್ಲಿ, ಮನರಂಜನೆ ಬಗೆಯ ವಿಡಿಯೊಗೆ ಪಿಎಸ್‌ಎನ್‌ಆರ್ (ಚಿತ್ರ ಮೂಲಕ್ಕೆ ಎಷ್ಟು ಹತ್ತಿರ ಎಂದು ಡೆಸಿಬಲ್‌ನಲ್ಲಿ ಹೇಳುವ ಅಳತೆ) ಲೆಕ್ಕದಲ್ಲಿ ಎಚ್.264 ಹೈ ಪ್ರೊಫೈಲ್‌ಗಿಂತ ಉಳಿತಾಯ ಸುಮಾರು ಶೇ. 35. ಜನರಿಗೆ ತೋರಿಸಿ ಕೇಳಿದಾಗ ಸುಮಾರು ಶೇ. 50. ಎರಡೂ ನಿಜ, ಎರಡೂ ಬೇರೆ ಅಳತೆ. ಯಾವುದೆಂದು ಹೇಳದ ಗ್ರಾಫ್‌ಗೆ ಬೆಲೆ ಇಲ್ಲ.

ಪಿಎಸ್‌ಎನ್‌ಆರ್ ಸರಾಸರಿಯಲ್ಲೂ ಹುಷಾರು. ಎರಡು ಫ್ರೇಮಿನ ಪಿಎಸ್‌ಎನ್‌ಆರ್ 30 ಮತ್ತು 50 ಡೆಸಿಬಲ್ ಅನ್ನಿ. ನೇರ ಸರಾಸರಿ 40. ಬದಲಿಗೆ ಎರಡರ ದೋಷದ ವರ್ಗಗಳ ಸರಾಸರಿ ತೆಗೆದು ಆಮೇಲೆ ಡೆಸಿಬಲ್‌ಗೆ ಬದಲಿಸಿದರೆ ಸುಮಾರು 33. ಒಂದೇ ವಿಡಿಯೊ, 7 ಡೆಸಿಬಲ್ ಅಂತರ! ಯಾವ ರೀತಿ ಬಳಸಿದೆ ಎಂದು ಪುಸ್ತಕ ಹೇಳಲೇಬೇಕು. 2001ರ ಬ್ಯೋಂಟೆಗಾರ್ಡ್ ವಿಧಾನ, 2004ರ ಎಸ್‌ಎಸ್‌ಐಎಂ, 2016ರಲ್ಲಿ ನೆಟ್‌ಫ್ಲಿಕ್ಸ್ ಹೊರತಂದ ವಿಎಂಎಎಫ್, ಗುಣಮಟ್ಟ ಅಳೆಯುವ, ಹೋಲಿಸುವ ಈ ವಿಧಾನಗಳ ಇತಿಮಿತಿ ಚರ್ಚಿಸಿದ್ದರೆ ಇನ್ನೂ ಒಳ್ಳೆಯದು.

ಪುಸ್ತಕದ ಉದಾಹರಣೆಗೂ ನನ್ನ ಕೋಡ್‌ಗೂ ತಾಳೆ ಆಗ್ತಿಲ್ಲ. ತಪ್ಪು ನನ್ನದಾ, ಪುಸ್ತಕದ್ದಾ?

ಎರಡೂ ಆಗಿರಬಹುದು. ಇಂಥ ಪುಸ್ತಕಗಳಲ್ಲಿ ಅಚ್ಚಿನ ತಪ್ಪು ಸಾಮಾನ್ಯ, ಒಂದು ಮೈನಸ್ ಗುರುತು ಬಿಟ್ಟುಹೋದರೂ ಇಡೀ ಬ್ಲಾಕ್ ಕೆಡುತ್ತದೆ. ತಿದ್ದುಪಡಿ ಪಟ್ಟಿಯನ್ನು ಲೇಖಕರು ಪ್ರಕಟಿಸಿದ್ದಾರಾ ಎಂದು ಕೊಳ್ಳುವ ಮೊದಲೇ ನೋಡಿ. ಅಂಥ ಪಟ್ಟಿ ಇದ್ದರೆ ಅದು ಪುಸ್ತಕದ ದೋಷ ಅಲ್ಲ, ಲೇಖಕರು ಜವಾಬ್ದಾರಿ ಹೊತ್ತ ಗುರುತು.

ಸುಲಭವಾಗಿ ಪರೀಕ್ಷಿಸಲು, ಸಂಖ್ಯೆಗಳನ್ನು ಬಿಟ್‌ಗಳಾಗಿ ಬರೆಯುವ ಎಕ್ಸ್‌ಪ್-ಗೊಲೊಂಬ್ ಕೋಡ್ ಒಳ್ಳೆಯದು. 5ಕ್ಕೆ ಒಂದು ಕೂಡಿಸಿದರೆ 6, ಬೈನರಿಯಲ್ಲಿ 110. ಮೂರು ಬಿಟ್, ಹಾಗಾಗಿ ಮುಂದೆ ಎರಡು ಸೊನ್ನೆ: 00110. ಚಿಹ್ನೆ ಇರುವ ಬಗೆಯಲ್ಲಿ −2 ಎಂಬುದು 4ಕ್ಕೆ ಹೊಂದುತ್ತದೆ, ಕೋಡ್ 00101. ಪುಸ್ತಕದ ಕೋಷ್ಟಕ ಇದಕ್ಕೆ ತಾಳೆಯಾಗದಿದ್ದರೆ ಬೇರೆ ಕೋಷ್ಟಕಗಳನ್ನೂ ಅನುಮಾನದಿಂದಲೇ ನೋಡಿ. ಕೊನೆಯ ತೀರ್ಪು ಯಾವತ್ತೂ ಸ್ಟ್ಯಾಂಡರ್ಡ್ ಪಠ್ಯದ್ದು. ಎಚ್.264ಕ್ಕೆ ಜೆಎಂ, ಎಚ್‌ಇವಿಸಿಗೆ ಎಚ್‌ಎಂ, ವಿವಿಸಿಗೆ ವಿಟಿಎಂ ಎಂಬ ರೆಫರೆನ್ಸ್ ಸಾಫ್ಟ್‌ವೇರ್‌ಗಳೂ ಮುಕ್ತವಾಗಿ ಸಿಗುತ್ತವೆ.

## ಕೆಲಸದಲ್ಲಿರುವವರಿಗೆ, ಪಾಠ ಮಾಡುವವರಿಗೆ

ಸ್ಟ್ಯಾಂಡರ್ಡೇ ಉಚಿತವಾಗಿ ಸಿಗುತ್ತೆ. ಮತ್ತೆ ಪುಸ್ತಕ ಯಾತಕ್ಕೆ?

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ತನ್ನ ಎಚ್.264, ಎಚ್.265, ಎಚ್.266 ಪಠ್ಯಗಳನ್ನು ಉಚಿತವಾಗಿ ಕೊಡುತ್ತದೆ. ಅದೇ ಪಠ್ಯವನ್ನು ಐಎಸ್‌ಒ ಮಾರುತ್ತದೆ, ಇದು ಗೊತ್ತಿಲ್ಲದೆ ಹಣ ಕೊಟ್ಟವರಿದ್ದಾರೆ. ಎವಿ1 ಎಂಬ ಇನ್ನೊಂದು ಕೋಡೆಕ್‌ನ ಪಠ್ಯವೂ ಉಚಿತ.

ಆದರೆ ಸ್ಟ್ಯಾಂಡರ್ಡ್ ಏನು ಮಾಡಬೇಕು ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಎಚ್.264ರಲ್ಲಿ ಬ್ಲಾಕ್ ಅಂಚುಗಳನ್ನು ನಯ ಮಾಡುವ ಡಿಬ್ಲಾಕಿಂಗ್ ಫಿಲ್ಟರ್ 4×4 ಅಂಚುಗಳ ಮೇಲೂ ಓಡುತ್ತದೆ, ಎಚ್‌ಇವಿಸಿಯಲ್ಲಿ 8×8 ಜಾಲರಿಯ ಮೇಲೆ ಮಾತ್ರ. ಸ್ಟ್ಯಾಂಡರ್ಡ್ ಓದಿದರೆ ಎರಡೂ ಬರೀ ನಿಯಮ. ಹೀಗೆ ಮಾಡಿದ್ದರಿಂದ ಒಂದು ಅಂಚಿನ ಫಿಲ್ಟರ್ ಪಕ್ಕದ ಅಂಚಿನ ಕೆಲಸಕ್ಕೆ ಕೈ ಹಾಕುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ಓಡಿಸಬಹುದು ಎಂದು ಹೇಳುವುದು ಪುಸ್ತಕದ ಕೆಲಸ. ಸ್ಟ್ಯಾಂಡರ್ಡ್ ಪಠ್ಯವನ್ನೇ ಬೇರೆ ಮಾತಿನಲ್ಲಿ ತಿರುಗಿಸಿ ಬರೆದಿರುವ ಅಧ್ಯಾಯಗಳಿಗೆ ದುಡ್ಡು ಕೊಡಬೇಡಿ.

ವಿವಿಸಿ, ಎವಿ1 ಕಲಿಯಬೇಕು. ಒಳ್ಳೆ ಪುಸ್ತಕ ಯಾಕೆ ಇಷ್ಟು ಕಡಿಮೆ?

ಎವಿ1 ಬಂದದ್ದು 2018ರಲ್ಲಿ, ವಿವಿಸಿ ಮುಗಿದದ್ದು 2020ರ ಜುಲೈನಲ್ಲಿ. ಪಠ್ಯಪುಸ್ತಕಕ್ಕೆ ಸಮಯ ಬೇಕು. ಈಗಿನ ಮಟ್ಟಿಗೆ ಲೇಖನಗಳಿಂದ ಶುರು ಮಾಡುವುದೇ ವಾಸಿ. ವಿಡಿಯೊ ತಂತ್ರಜ್ಞಾನದ ಐಇಇಇ ಟ್ರಾನ್ಸಾಕ್ಷನ್ಸ್‌ನಲ್ಲಿ ಎಚ್.264ಕ್ಕೆ 2003ರ ಜುಲೈ, ಎಚ್‌ಇವಿಸಿಗೆ 2012ರ ಡಿಸೆಂಬರ್, ವಿವಿಸಿಗೆ 2021ರ ಅಕ್ಟೋಬರ್ ಸಂಚಿಕೆಯಲ್ಲಿ ಪರಿಚಯ ಲೇಖನಗಳಿವೆ. ಮೂರನ್ನೂ ಸಾಲಾಗಿ ಓದಿದರೆ ಬೆಳವಣಿಗೆ ಕಾಣುತ್ತದೆ: 16×16 ಮ್ಯಾಕ್ರೋಬ್ಲಾಕ್ 64×64 ಆಗಿ, 128×128 ಆದದ್ದು, ಇಂಟ್ರಾ (ಅದೇ ಫ್ರೇಮಿನೊಳಗಿಂದ ಊಹಿಸುವ) ವಿಧಾನಗಳು 9ರಿಂದ 35ಕ್ಕೆ, 67ಕ್ಕೆ ಏರಿದ್ದು.

ಹೊಸ ಪುಸ್ತಕ ಸಿಕ್ಕರೆ ಒಂದು ವಿಷಯ ಗಮನಿಸಿ. ಒಂದೊಂದು ಟೂಲ್‌ಗೆ (ಸ್ಟ್ಯಾಂಡರ್ಡಿನ ಒಂದೊಂದು ತಂತ್ರಕ್ಕೆ) ಎಷ್ಟು ಶೇಕಡಾ ಲಾಭ ಎಂದು ಕೋಷ್ಟಕ ಇರುತ್ತದೆ. ಈ ಲಾಭಗಳು ಒಂದರ ಮೇಲೊಂದು ಕೂಡುವುದಿಲ್ಲ, ಒಂದು ಟೂಲ್ ಮಾಡುವ ಕೆಲಸವನ್ನು ಇನ್ನೊಂದು ಅರ್ಧ ಮಾಡಿರುತ್ತದೆ. ಈ ಎಚ್ಚರಿಕೆ ಕೊಡದ ಲೇಖಕರು ಕೋಷ್ಟಕವನ್ನು ಬೇರೆಡೆಯಿಂದ ನಕಲಿಸಿದ್ದಾರೆ ಎಂದೇ ನನ್ನ ಅನುಮಾನ.

ನ್ಯೂರಲ್ ನೆಟ್‌ವರ್ಕ್ ಬಂದಮೇಲೆ ಈ ಪುಸ್ತಕಗಳೆಲ್ಲ ವೇಸ್ಟ್ ಅಲ್ವಾ?

ಅಲ್ಲ. ನ್ಯೂರಲ್ ಕೋಡೆಕ್ ತರಬೇತಿಯಲ್ಲೂ ಅದೇ ಬಿಟ್ ಮತ್ತು ಡಿಸ್ಟಾರ್ಶನ್ ಮೊತ್ತ, ಅದೇ ಲ್ಯಾಂಬ್ಡಾ. ಕೊನೆಯಲ್ಲಿ ಬಿಟ್ ಬರೆಯುವುದು ಸಾಮಾನ್ಯವಾಗಿ ಅರಿತ್‌ಮೆಟಿಕ್ ಕೋಡಿಂಗ್ ಅಥವಾ ಅದರ ಸಂಬಂಧಿಯೇ. ತತ್ವ ಹೇಳುವ ಪುಸ್ತಕಗಳ ಬೆಲೆ ಇದರಿಂದ ಹೆಚ್ಚಿದೆ. ಒಂದೇ ಸ್ಟ್ಯಾಂಡರ್ಡಿನ ವ್ಯಾಕರಣ ಹೇಳುವ ಪುಸ್ತಕಕ್ಕೆ ಮಾತ್ರ ಆ ಸ್ಟ್ಯಾಂಡರ್ಡ್ ಬಳಕೆಯಲ್ಲಿ ಇರುವಷ್ಟೇ ಆಯುಷ್ಯ.

ಬಿಇ ಮಕ್ಕಳಿಗೆ ಒಂದು ಸೆಮಿಸ್ಟರ್ ಪಾಠ ಮಾಡಬೇಕು. ಯಾವ ಪುಸ್ತಕ ಇಡಲಿ?

ಅಭ್ಯಾಸದ ಲೆಕ್ಕಗಳಿರುವ ಪುಸ್ತಕ ಇಡಿ, ಮಿಕ್ಕಿದ್ದೆಲ್ಲ ಆಮೇಲೆ. ‘ಸಂಕ್ಷಿಪ್ತವಾಗಿ ವಿವರಿಸಿ’ ಎಂಬ ಪ್ರಶ್ನೆಗಳಷ್ಟೇ ಇರುವ ಪುಸ್ತಕದಿಂದ ಪರೀಕ್ಷೆ ಪಾಸಾಗುತ್ತದೆ, ವಿಷಯ ಬರುವುದಿಲ್ಲ. ಒಂದೇ ಪುಸ್ತಕಕ್ಕೆ ಅಂಟಿಕೊಳ್ಳಬೇಕಾಗಿಯೂ ಇಲ್ಲ. ಎಂಟ್ರಪಿ, ಕ್ವಾಂಟೈಸೇಶನ್‌ಗೆ ತತ್ವದ ಪುಸ್ತಕ, ಉಳಿದದ್ದಕ್ಕೆ ಎಚ್.264 ಪುಸ್ತಕ. ಎಚ್.264 ಯಾಕೆ ಅಂದರೆ ಅದು ಇನ್ನೂ ಬಳಕೆಯಲ್ಲಿದೆ, ಒಂದು ಸೆಮಿಸ್ಟರ್‌ಗೆ ಹಿಡಿಯುವಷ್ಟು ಚಿಕ್ಕದಾಗಿಯೂ ಇದೆ. ವಿವಿಸಿಯಿಂದ ಶುರು ಮಾಡಿದರೆ ಮಕ್ಕಳು ಬ್ಲಾಕ್ ಒಡೆಯುವ ವಿಧಾನಗಳಲ್ಲೇ ಕಳೆದುಹೋಗುತ್ತಾರೆ.

ಜೊತೆಗೆ ಒಂದು ಮನೆಗೆಲಸ ಕೊಡಿ. ಒಂದು ಚಿಕ್ಕ ಕ್ಲಿಪ್ ಅನ್ನು ಎಕ್ಸ್264 ಎಂಬ ಎಚ್.264 ಎನ್‌ಕೋಡರ್‌ನಲ್ಲಿ ಕ್ಯೂಪಿ 22, 27, 32, 37ಕ್ಕೆ ಎನ್‌ಕೋಡ್ ಮಾಡಿಸಿ, ಬಿಟ್‌ರೇಟ್-ಪಿಎಸ್‌ಎನ್‌ಆರ್ ಗೆರೆ ಎಳೆಸಿ. ಯಾರ ಕ್ಲಿಪ್‌ನ ಗೆರೆ ಯಾಕೆ ಬೇರೆ ಬಂತು ಎಂದು ತರಗತಿಯಲ್ಲೇ ಮಾತಾಡಿಸಿ.

ನಾನು ಚಿಪ್ ವಿನ್ಯಾಸದ ಕಡೆಯವನು. ಅಲ್ಗಾರಿದಮ್ ಪುಸ್ತಕ ನನಗೆ ಸಾಕಾಗುತ್ತಾ?

ಸಾಕಾಗುವುದಿಲ್ಲ. ನಿಮಗೆ ಬೇಕಾದ ಪುಸ್ತಕ ಮೆಮೊರಿ ಬಗ್ಗೆ ಮಾತಾಡಬೇಕು. ಪಿಕ್ಸೆಲ್‌ಗಳ ನಡುವಿನ ಬೆಲೆ ಲೆಕ್ಕ ಹಾಕುವ, ಎಚ್.264ರ ಅರ್ಧ ಪಿಕ್ಸೆಲ್ ಫಿಲ್ಟರ್ ಆರು ಪಿಕ್ಸೆಲ್ ಬಳಸುತ್ತದೆ. 4×4 ಬ್ಲಾಕಿಗೆ 9×9, ಅಂದರೆ 81 ಪಿಕ್ಸೆಲ್ ತರಬೇಕು. ಎರಡು ದಿಕ್ಕಿನ ಊಹೆಯಾದರೆ 162, ಕಟ್ಟುವುದು ಬರೀ 16. ಪಿಕ್ಸೆಲ್ ಒಂದಕ್ಕೆ ಹತ್ತು! ಎಚ್‌ಇವಿಸಿಯಲ್ಲಿ ಫಿಲ್ಟರ್ ಎಂಟಕ್ಕೆ ಏರಿತು. ಹಾಗೇ ಬಿಟ್ಟಿದ್ದರೆ ಇನ್ನೂ ಕೆಡುತ್ತಿತ್ತು. ಅದಕ್ಕೇ 4×4 ಇಂಟರ್ (ಬೇರೆ ಫ್ರೇಮಿನಿಂದ ಊಹಿಸುವ) ಬ್ಲಾಕ್ ತೆಗೆದುಹಾಕಿದರು, 8×4 ಮತ್ತು 4×8ಕ್ಕೆ ಒಂದೇ ದಿಕ್ಕಿನ ಊಹೆ ಎಂದು ಕಟ್ಟು ಹಾಕಿದರು. ಈಗ ಅತಿ ಕೆಟ್ಟ ಸಂದರ್ಭ 8×8 ಎರಡು ದಿಕ್ಕು: 15×15ರಂತೆ ಎರಡು, 450 ಪಿಕ್ಸೆಲ್ ತಂದು 64 ಕಟ್ಟುವುದು, ಸುಮಾರು ಏಳು. ಈ ನಿರ್ಬಂಧವನ್ನು ಹೇಳುವ ಪುಸ್ತಕ ಬಹಳ, ಈ ಲೆಕ್ಕ ಮಾಡಿ ತೋರಿಸುವುದು ಕೆಲವೇ. ಆ ಕೆಲವನ್ನೇ ಹುಡುಕಿ.

ಸಿಎಬಿಎಸಿ (ಈ ಸ್ಟ್ಯಾಂಡರ್ಡ್‌ಗಳು ಬಳಸುವ ಅರಿತ್‌ಮೆಟಿಕ್ ಕೋಡಿಂಗ್) ಭಾಗವನ್ನೂ ನೋಡಿ. ಒಂದು ಬಿನ್ (ಸೊನ್ನೆ ಅಥವಾ ಒಂದು) ಬಿಚ್ಚಿದ ಮೇಲೆಯೇ ಮುಂದಿನದಕ್ಕೆ ಯಾವ ಸಂಭವನೀಯತೆ ಎಂದು ಗೊತ್ತಾಗುವುದು, ಹಾಗಾಗಿ ವೇಗ ಅಲ್ಲಿ ಕಟ್ಟಿಹಾಕಿಕೊಳ್ಳುತ್ತದೆ. ಎಚ್‌ಇವಿಸಿ ಇದನ್ನು ಸಡಿಲಿಸಲು, ಹಾಗೆ ಕಾಯಬೇಕಿಲ್ಲದ ಬೈಪಾಸ್ ಬಿನ್‌ಗಳನ್ನು ಒಟ್ಟಿಗೆ ಜೋಡಿಸಿತು. ಫ್ರೇಮಿನ ಭಾಗಗಳನ್ನು ಒಟ್ಟಿಗೆ ಓಡಿಸುವ ಟೈಲ್, ವೇವ್‌ಫ್ರಂಟ್ ಬಗ್ಗೆ ಬರೆಯುವಾಗ ಲಾಭದ ಜೊತೆ ಬಿಟ್ ನಷ್ಟವನ್ನೂ ಹೇಳಿದ್ದಾರಾ ಗಮನಿಸಿ.

ಪುಸ್ತಕದ ಪಕ್ಕದಲ್ಲಿ ನಿಜವಾದ ಡಿಕೋಡರ್ ಒಂದನ್ನು ಇಟ್ಟುಕೊಳ್ಳಿ. ಆಂಡ್ರಾಯ್ಡ್‌ನ ಮುಕ್ತ ಮೂಲದಲ್ಲಿರುವ ಎಚ್‌ಇವಿಸಿ ಸಾಫ್ಟ್‌ವೇರ್ ಡಿಕೋಡರ್ ಬೆಂಗಳೂರಿನ ಇಟ್ಟಿಯಮ್ ಸಿಸ್ಟಮ್ಸ್ ಬರೆದದ್ದು, ಫೈಲ್‌ಗಳ ತಲೆಯಲ್ಲಿ ಊರಿನ ಹೆಸರೂ ಇದೆ. ಅದರ ಇಂಟರ್ ಪ್ರಿಡಿಕ್ಷನ್ ಫೈಲ್ ತೆರೆದು ಎಂಟು ಪಿಕ್ಸೆಲ್ ಫಿಲ್ಟರ್‌ನ −1, 4, −11, 40, 40, −11, 4, −1 ಹುಡುಕಿ. ಆ ಅಂಕಿಗಳಿಂದ ಶುರು ಮಾಡಿ, ಪಿಕ್ಸೆಲ್‌ಗಳು ಮೆಮೊರಿಯಿಂದ ಹೇಗೆ ಬರುತ್ತವೆ ಎಂದು ಹಿಂದಕ್ಕೆ ಓದುತ್ತಾ ಹೋಗಿ.